ಡೇರೆಯ ಅಂಚಿನ ಗೇಣು ಬಟ್ಟೆ

ಸವಣೂರಿನ ರಮಜಾನಬಿಗೆ ನಲವತ್ತೊಂದು ದಿನದ ಕೂಲಿ ಬರಬೇಕು. ತಡಸದ ಪ್ರಭು ಕೊಟ್ಟಿಲ್ಲ. ಕೂಲಿ ಹಾಳಾಗಿ ಹೋಗಲಿ, ಆಕೆಯ ಹೊಲಿಗೆ ಮಶಿನ್ನನ್ನೂ ತನ್ನ ಗೋದಾಮಿನೊಳಗೆ ಇಟ್ಟುಕೊಂಡು ಕೀಲಿ ಹಾಕಿದ್ದಾನೆ. ಅದು ಲಂಗ ಜಂಪರು ಹೊಲಿಯುವ ಮಶಿನ್ ಅಲ್ಲ. ಎತ್ತಲು ಮೂರು ಆಳು ಬೇಕು. ಎಂಟು ಪದರ ಕ್ಯಾನ್ವಾಸ್ ಮಡಚಿ ಕೊಟ್ಟರೂ ಸೂಜಿ ಮುರಿಯದ ಮಶಿನ್. ಅದಿಲ್ಲದೆ ಆಕೆಗೆ ಕೆಲಸವಿಲ್ಲ. ಒಂದು ಕಾಗದಕ್ಕೆ ಸಹಿ ಹಾಕಿದರೆ ಕೂಲಿ, ಮಶಿನ್ ಎರಡೂ ಸಿಗುತ್ತವೆ. ಆಕೆ ಹಾಕುವುದಿಲ್ಲ. ಕಾಗದದಲ್ಲಿ ಬರೆದದ್ದು ಪೂರ್ತಿ ಸುಳ್ಳಾಗಿದ್ದರೆ ಹರಿದು ಮುಖಕ್ಕೆ ಎಸೆದು ಬರಬಹುದಿತ್ತು. ಅದರಲ್ಲಿ ಅರ್ಧ ನಿಜ ಇದೆ. ಜಗಳ ಇರುವುದೇ ಅಲ್ಲಿ.

ರಮಜಾನಬಿ ಪಿಂಜಾರರ ಮಗಳು. ಹುಟ್ಟಿದ್ದು ಹಾನಗಲ್ಲಿನ ಕಡೆ, ಅಕ್ಕಿಆಲೂರಿನಲ್ಲಿ. ಅಪ್ಪ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಹಿರೇಕೆರೂರು, ರಟ್ಟೀಹಳ್ಳಿ ತನಕ ಊರೂರು ತಿರುಗಿ ಗಾದಿ ತುಂಬುತ್ತಿದ್ದ. ದೊಡ್ಡವರ ಮನೆಯ ಮದುವೆ ಗಾದಿಯಲ್ಲೆಲ್ಲ ಅವನು ಹಿಂಜಿದ ಹತ್ತಿ ಇರುತ್ತಿತ್ತು. ಅದೇ ಮದುವೆಯಲ್ಲಿ ಅವನು ಉಣ್ಣುವುದು ಮಾತ್ರ ದನದ ಕೊಟ್ಟಿಗೆಯ ಬದಿಗೆ. ಮಗಳಿಗೆ ಹತ್ತು ವರ್ಷ ಆಗುವಷ್ಟರಲ್ಲಿ ಬಟ್ಟೆ ಮುಟ್ಟಿದರೆ ಅದರ ಗುಣ ತಿಳಿಯುತ್ತಿತ್ತು, ಮನುಷ್ಯರ ಗುಣವೂ ಅಷ್ಟಿಷ್ಟು ತಿಳಿಯುತ್ತಿತ್ತು.

ಮದುವೆಯಾಗಿ ಬಂದದ್ದು ಸವಣೂರಿಗೆ, ಪೀರಸಾಬನ ಮನೆಗೆ. ಅವರದು ಪೆಂಡಾಲಿನ ಅಂಗಡಿ. ಹಿರೇಕೆರೂರಿನಲ್ಲಿ ಒಂದು ಮದುವೆಗೆ ಪೆಂಡಾಲು ಕಟ್ಟುವಾಗ ಪೀರಸಾಬ ಕಂಬದ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ. ಹದಿನಾಲ್ಕು ವರ್ಷವಾಯಿತು, ಅಂಗಡಿಯ ಬಾಗಿಲಲ್ಲಿ ಕುಳಿತೇ ಇದ್ದಾನೆ. ಬಟ್ಟೆಯ ಅಂಚಿಗೆ ಹಗ್ಗ ಪೋಣಿಸುವ ಹಿತ್ತಾಳೆ ಉಂಗುರ ಬಡಿಯುವುದು ಅವನ ಕೆಲಸ, ಹೋಗಿ ಬರುವವರನ್ನು ಚುಚ್ಚುವುದು ಹವ್ಯಾಸ. ಅಳತೆ, ಕತ್ತರಿ, ಹೊಲಿಗೆ ಎಲ್ಲ ರಮಜಾನಬಿಯದು.

ಆಕೆಗೆ ಎರಡು ಕಟ್ಟಳೆ ಇವೆ. ಒಂದು ಮಾವನಿಂದ ಬಂದದ್ದು. ಡೇರೆಯ ಬಟ್ಟೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಬಾರದು, ನಾಲ್ಕೂ ಕಡೆ ಒಂದೊಂದು ಗೇಣು ಹೆಚ್ಚು ಬಿಡಬೇಕು. ಹತ್ತಿಯ ಬಟ್ಟೆ ಮೊದಲ ಮಳೆ ಕುಡಿದ ಮೇಲೆ ಕುಗ್ಗುತ್ತದೆ. ಆ ಗೇಣು ಇದ್ದರೆ ಹಗ್ಗ ಸಡಿಲಿಸಿ ಬಟ್ಟೆ ಬಿಟ್ಟುಕೊಡಬಹುದು. ಇಲ್ಲದಿದ್ದರೆ ಬಟ್ಟೆ ತನ್ನನ್ನು ತಾನೇ ಹರಿದುಕೊಳ್ಳುತ್ತದೆ. ಇನ್ನೊಂದು ಕಟ್ಟಳೆ ಪಕ್ಕದ ಮನೆಯ ಮುದಕವ್ವ ಕಲಿಸಿದ್ದು. ಮುದಕವ್ವ ಹಳೆ ಸೀರೆ ತುಂಡು ಕೂಡಿಸಿ ಕೌದಿ ಹೊಲಿಯುವವಳು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ಹೋಳಿಗೆಯನ್ನೋ ರೊಟ್ಟಿಯನ್ನೋ ಇಟ್ಟು ಹೊಲಿಯಬೇಕು. ಕೌದಿಯ ಹೊಟ್ಟೆ ತುಂಬಿಸದೆ ಹೊದ್ದವರಿಗೆ ನಿದ್ದೆ ಬರುವುದಿಲ್ಲ ಅಂತ ಮುದಕವ್ವನ ಮಾತು. ನಗುವವರು ನಗಲಿ.

ಸಂಕ್ರಾಂತಿಯಾದ ಮೇಲೆ ಪ್ರಭು ಅಂಗಡಿಗೆ ಬಂದ. ತಡಸದ ಕರಬಸಪ್ಪ ಗೌಡರ ಮಗ. ಕಾಡಿನ ಅಂಚಿಗೆ ಇಪ್ಪತ್ತು ಎಕರೆ ಇದೆ, ಕೆರೆಯೊಂದು ಇದೆ. ಜೊತೆಗೆ ಹೆಂಡತಿ ನೇತ್ರಾ. ಪ್ರಭು ಬೆಂಚಿನ ಮೇಲೆ ಕುಳಿತು, ಬರುವ ದಾರಿಯಲ್ಲಿ ಕೊಂಡ ಕರಿದ ಖಾರದ ಪೊಟ್ಟಣ ಬಿಚ್ಚಿ ತಿಂದ. ಎಣ್ಣೆಗೈಯಲ್ಲೇ ಮಡಚಿಟ್ಟ ಬಟ್ಟೆಗಳನ್ನು ಮುಟ್ಟಿ ನೋಡಿದ. ನೇತ್ರಾ ಮೊಬೈಲ್ ಮುಂದೆ ಹಿಡಿದಳು.

"ಚಾಚಿ, ಇಲ್ಲಿ ನೋಡ್ರಿ. ಇದಕ್ಕ ಗ್ಲಾಂಪಿಂಗ್ ಅಂತಾರ. ಡೇರೆನ, ಆದ್ರ ಒಳಗ ಎಲ್ಲಾ ಅರಮನಿ ಇದ್ದಂಗ. ಆಫ್ರಿಕಾದಾಗ ಸಿಂಹ, ಆನಿ ನೋಡಾಕ ಹೋದವರು ಇಂಥಾದ್ರಾಗ ಇರ್ತಾರ."

"ತಡಸದಾಗ ಏನ್ ನೋಡ್ತಾರ್ರಿ ಅಕ್ಕಾರ?" ಉಂಗುರ ಬಡಿಯುತ್ತ ಪೀರಸಾಬ ಕೇಳಿದ. "ಮಂಗ್ಯಾ, ಹೈವೇದಾಗ ಲಾರಿ."

"ನಿನ್ನ ಕೇಳಿದ್ರೇನು?" ಅಂದ ಪ್ರಭು. ರಮಜಾನಬಿಯ ಕಡೆ ತಿರುಗಿದ. "ಹೊರಗಿನ ಕಂಪನಿಯವರು ಒಂದು ಡೇರೆಕ್ಕ ಒಂದು ಟ್ರ್ಯಾಕ್ಟರ್ ಬರೋವಷ್ಟು ರೊಕ್ಕ ಹೇಳಾಕತ್ತಾರ. ಅದ ನಮೂನಿ ನೀ ಮಾಡಿಕೊಡು. ಇದೊಂದು ಛಲೋ ಆತಂದ್ರ ಇನ್ನೂ ಹತ್ತು ನಿನಗ."

ಹೆಂಡತಿ ‘ರಿ’ ಹಚ್ಚಿ ಮಾತಾಡುತ್ತಾಳೆ, ಗಂಡ ‘ನೀ’ ಅನ್ನುತ್ತಾನೆ. ರಮಜಾನಬಿಗೆ ಐವತ್ತಾರು, ಅವನಿಗೆ ಮೂವತ್ತೆಂಟು. ಆಕೆ ಅದನ್ನು ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಇಟ್ಟುಕೊಂಡಿದ್ದರೆ ಇಷ್ಟು ವರ್ಷ ಯಾರ ಮನೆಯ ಪೆಂಡಾಲನ್ನೂ ಹೊಲಿಯಲಾಗುತ್ತಿರಲಿಲ್ಲ.

ಮೂರು ಚಿತ್ರದಲ್ಲಿ ನೇತ್ರಾ ಒಂದನ್ನು ಆರಿಸಿದಳು. ಹದಿನೆಂಟು ಅಡಿ ಅಗಲ, ಮೂವತ್ತು ಅಡಿ ಉದ್ದ, ನಡುನೆತ್ತಿ ಹನ್ನೊಂದು ಅಡಿ. ಮುಂದೆ ಎರಡು ಬೆತ್ತದ ಕುರ್ಚಿಗೆ ಪಡಸಾಲೆ, ನಡುವೆ ಮಲಗುವ ಕೋಣೆ, ಹಿಂದೆ ಬಚ್ಚಲು. ಬಚ್ಚಲಲ್ಲಿ ಮಲಗಿ ಮೀಯುವ ತೊಟ್ಟಿ. ಆಮೇಲೆ ಒಂದೊಂದಾಗಿ ಬೇಡಿಕೆ ಬಂದವು. ಬಣ್ಣ ಕೆನೆಯ ಬಣ್ಣ ಬೇಕು. "ಕೆಂಪು ಮಣ್ಣಿನ ಸೀಮಿ ಐತ್ರಿ, ವಾರದಾಗ ಬೆಲ್ಲದ ಬಣ್ಣ ಆಕ್ಕೈತಿ," ಅಂದಳು ರಮಜಾನಬಿ. ಒಪ್ಪಲಿಲ್ಲ. ಸೂರ್ಯ ಮುಳುಗುವುದು ಕಾಣುವಂತೆ ಬಾಗಿಲು ಪಡುವಣಕ್ಕೆ ಬೇಕು. "ಮಳಿ ಬರೋದು ಆ ಕಡಿಂದನ್ರಿ." ಒಪ್ಪಲಿಲ್ಲ. ಕೊನೆಗೆ ಪಡಸಾಲೆಯ ಮೇಲಿನ ಹೊದಿಕೆಯನ್ನು ನಾಲ್ಕು ಅಡಿ ಮುಂದೆ ಚಾಚಿ, ಬಾಗಿಲಿಗೆ ಎರಡು ಪದರ ಹಾಕುತ್ತೇನೆ ಎಂದು ಆಕೆಯೇ ದಾರಿ ಹುಡುಕಿದಳು. ಕಿಟಕಿಗೆ ಸೊಳ್ಳೆ ಪರದೆ, ಅದರ ಮೇಲೆ ಜಿಪ್ಪಿನ ಪರದೆ, ಅದರ ಮೇಲೆ ಸುತ್ತಿ ಕಟ್ಟುವ ಬಟ್ಟೆ. ಬಿಸಿಲಿಗೆ ಎರಡು ಚಾವಣಿ, ನಡುವೆ ಗಾಳಿ ಆಡಲು ಮೊಳ ಜಾಗ.

ಅಂಗಡಿಯ ಮೂಲೆಯಲ್ಲಿ ಮುದಕವ್ವನ ಹಳೆಯ ಕೌದಿ ನೇತ್ರಾಳ ಕಣ್ಣಿಗೆ ಬಿತ್ತು. "ಇದು ಭಾಳ ಛಂದ ಐತ್ರಿ. ಮಲಗೋ ಕೋಣಿ ಮ್ಯಾಲೆ, ಒಳಗಿನ ಚಾವಣಿಗೆ, ಪೂರಾ ಕೌದಿ ಹಾಕ್ರಿ. ಬಂದವರು ಮಲಕ್ಕೊಂಡು ನೋಡ್ಲಿ."

"ಮಂದಿ ಮ್ಯಾಲೆ ಹೊದಿಯೋ ಕೌದಿನ ಮಾಳಿಗಿಗೆ ಹೊದಸ್ತೀರೇನ್ರಿ?" ರಮಜಾನಬಿ ನಕ್ಕಳು. ಕೆಲಸ ಹಿಡಿಸಿತ್ತು. ಜೀವಮಾನವಿಡೀ ಎರಡು ದಿನ ನಿಂತು ಇಳಿಯುವ ಪೆಂಡಾಲು ಹೊಲಿದವಳು. ನಿಲ್ಲುವಂಥದೊಂದು ಹೊಲಿಯುವ ಆಸೆ ಆಕೆಗೂ ಇತ್ತು.

ಬಟ್ಟೆಯನ್ನು ಆಕೆಯೇ ಆರಿಸಿದಳು. ಥಾನಿನ ಮೂಲೆಯನ್ನು ಬೊಗಸೆಯಂತೆ ಹಿಡಿದು ನೀರು ಸುರಿದು, ಕೆಳಗೆ ಹನಿಯುತ್ತದೋ ಎಂದು ಕಾದಳು. ಅಂಗೈಯಲ್ಲಿ ತಿಕ್ಕಿ ಗಂಜಿ ಉದುರುತ್ತದೋ ನೋಡಿದಳು. ಮೂರು ಥಾನು ತಿರುಗಿಸಿ ಕಳಿಸಿದಳು. ತಡಸದಲ್ಲೇ ಕೂತು ಹೊಲಿಯಬೇಕು, ಅಳತೆ ಕೈಗೆ ಸಿಗುತ್ತದೆ ಎಂದು ಪ್ರಭು ಹಟ ಹಿಡಿದದ್ದಕ್ಕೆ ಮಶಿನ್ನನ್ನು ಟೆಂಪೋದಲ್ಲಿ ಹೇರಿಸಿ ಅಲ್ಲಿಗೆ ಒಯ್ದಳು. ತಪ್ಪು ಮಾಡಿದ್ದು ಅಲ್ಲಿ. ಹತಾರವನ್ನು ಧಣಿಯ ಮನೆಯಲ್ಲಿ ಇಡಬಾರದು ಅಂತ ಅಪ್ಪ ಹೇಳುತ್ತಿದ್ದ. ಬಿಲ್ಲು ಹೆಗಲ ಮೇಲೆಯೇ ಇಟ್ಟುಕೊಂಡು ಮಲಗುತ್ತಿದ್ದ ಮನುಷ್ಯ.

ತಡಸದಲ್ಲಿ ಕೈಗೆ ಕೈ ಕೂಡಿಸಿದವಳು ಹೊಳೆವ್ವ, ಪ್ರಭುವಿನ ಹೊಲದ ಆಳು. ಬಟ್ಟೆ ಹಿಡಿಯುವುದು, ದಾರ ಕತ್ತರಿಸುವುದು, ಮಧ್ಯಾಹ್ನ ರೊಟ್ಟಿ ಹಂಚಿಕೊಳ್ಳುವುದು. ಕಬ್ಬಿಣದ ಪೈಪಿನ ಚೌಕಟ್ಟು ನಿಂತ ದಿನ ಹೊಳೆವ್ವ ಬಚ್ಚಲಿನ ಜಾಗವನ್ನು ಹೆಜ್ಜೆಯಲ್ಲಿ ಅಳೆದಳು.

"ನಮ್ಮ ಮನಿ ಪೂರಾ ಇದರಾಗ ಕುಂದರತೈತಿ ನೋಡು."

"ಕುಂದರತೈತಿ. ಆದ್ರ ನಿಮ್ಮನಿಗೆ ಪಡುವಣ ಬಾಗಿಲ ಇಲ್ಲಲ್ಲ," ಅಂದಳು ರಮಜಾನಬಿ.

ಮಾಘದ ಭಾರತ ಹುಣ್ಣಿಮೆಯ ಮರುದಿನ ಚಾವಣಿಯ ಕೌದಿ ಮುಗಿಯುವ ಹಂತಕ್ಕೆ ಬಂತು. ಹೊಳೆವ್ವ ಮನೆಯಿಂದ ಸಜ್ಜಕದ ಹೋಳಿಗೆ ತಂದಿದ್ದಳು. ರಮಜಾನಬಿ ಬೆರಳಗಲದ ಒಂದು ಚೂರು ಮುರಿದು, ಕೊನೆಯ ಮೂಲೆಯಲ್ಲಿಟ್ಟು, ಹೊಲಿದು ಮುಚ್ಚಿದಳು. ಕದ್ದು ಮಾಡಿದ್ದಲ್ಲ. ಹೊಳೆವ್ವ ನೋಡಿದಳು, ಅಲ್ಲೇ ನಿಂತಿದ್ದ ಪ್ರಭುವಿನ ಮ್ಯಾನೇಜರ್ ಸುದೀಪನೂ ನೋಡಿದ.

ಬಟ್ಟೆ ಏರಿದಾಗ ನಾಲ್ಕೂ ಕಡೆ ಗೇಣು ಬಟ್ಟೆ ಹೆಚ್ಚು ಇಳಿಬಿದ್ದಿತ್ತು. ನೇತ್ರಾಳ ಮುಖ ಸಣ್ಣದಾಯಿತು. "ಒಳಲಂಗ ಕಂಡಂಗ ಕಾಣತೈತಿ ಚಾಚಿ. ಫೋಟೋದಾಗ ನೋಡ್ರಿ, ಹಲಗಿ ಹಂಗ ಬಿಗಿ ಐತಿ."

"ಫೋಟೋ ತೊಯ್ಯಂಗಿಲ್ರಿ, ಬಟ್ಟಿ ತೊಯ್ತೈತಿ. ಒಂದು ಟ್ಯಾಂಕರ್ ನೀರು ಕೊಡ್ರಿ, ಮ್ಯಾಲಿಂದ ಹೊಡದು ಎರಡು ದಿನ ಒಣಗಸ್ತೇನಿ. ಕುಗ್ಗೋದೆಲ್ಲ ಕುಗ್ಗಲಿ. ಆಮ್ಯಾಲೆ ನೀವು ಹೇಳಿದಂಗ ಬಿಗಿ ಮಾಡಿ ಕೊಡ್ತೇನಿ."

ಪ್ರಭು ಕೇಳಿಸಿಕೊಂಡ. "ಟ್ಯಾಂಕರ್ ನೀರು ಈಜುವ ಹೊಂಡಕ್ಕ ಬಂದಿದ್ದು. ಹೊಸಾ ಬಟ್ಟಿ ಮ್ಯಾಲೆ ನೀರು ಹೊಡದು ಕಲೆ ಮಾಡಾಕ ಕರದೇನಿ ನಿನ್ನ? ಯುಗಾದಿಗೆ ಬುಕಿಂಗ್ ಆಗ್ಯಾವು."

ಶುಕ್ರವಾರ ರಮಜಾನಬಿ ಗಂಡನ ಔಷಧಿಗೆಂದು ಸವಣೂರಿಗೆ ಹೋದಳು. ಶನಿವಾರ ಬಸ್ಸಿಳಿದು ಬರುವಷ್ಟರಲ್ಲಿ ಡೇರೆ ಫೋಟೋದಂತೆ ಬಿಗಿಯಾಗಿ ನಿಂತಿತ್ತು. ಗೇಣು ಬಟ್ಟೆಯನ್ನು ಸುದೀಪ ಕತ್ತರಿಸಿದ್ದ. ಆಕೆ ಮೂರು ಮಡಿಕೆ ಹಾಕಿ ಹೊಲಿದ ಅಂಚು, ಪೀರಸಾಬ ಬಡಿದ ಹಿತ್ತಾಳೆ ಉಂಗುರಗಳ ಸಮೇತ, ಉದ್ದುದ್ದ ಪಟ್ಟಿಯಾಗಿ ಕಸದ ಜೊತೆ ಬಿದ್ದಿತ್ತು. ಕತ್ತರಿಸಿ ಮಡಚಿ ಹೊಲಿಯದೆ ಬಿಟ್ಟ ಹಸಿ ಅಂಚಿಗೆ ಹೊಸ ಉಂಗುರ ಒತ್ತಿ ಹಗ್ಗ ಬಿಗಿದಿದ್ದರು. ಆಕೆ ಆ ಅಂಚನ್ನು ಬೆರಳಲ್ಲಿ ಮುಟ್ಟಿದಳು. ಎಳೆ ಆಗಲೇ ಬಿಚ್ಚತೊಡಗಿತ್ತು.

"ಸಾವಕಾರ್ರ, ಇದಕ್ಕ ನಾನು ಜವಾಬ್ದಾರಿ ಅಲ್ಲ."

"ನಿನ್ನ ಜವಾಬ್ದಾರಿ ಯಾರು ಕೇಳಾಕತ್ತಾರ?" ಅಂದ ಪ್ರಭು. "ನೀ ಹೊಲದಿ, ಮುಗೀತು."

ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಎರಡು ತಿಂಗಳಲ್ಲಿ ಅವನೇ ಮರೆತ.

ಯುಗಾದಿಗೆ ಜನ ಬಂದರು. ಫೋಟೋ ತೆಗೆದುಕೊಂಡರು. ರಮಜಾನಬಿ ಕೂಲಿ ಕೇಳಿದರೆ, ಸೀಜನ್ ಮುಗಿಯಲಿ ಅಂದ ಪ್ರಭು. ಮಶಿನ್ ಒಯ್ಯುತ್ತೇನೆ ಅಂದರೆ, ಹತ್ತು ಡೇರೆ ಹೊಲಿಯುವುದಿದೆ, ಎಲ್ಲಿಗೆ ಒಯ್ಯುತ್ತಿ ಅಂದ. ಮೇ ತಿಂಗಳ ಎರಡನೆಯ ವಾರ, ಮಧ್ಯಾಹ್ನ ನಾಲ್ಕಕ್ಕೆ ಪಡುವಣದಿಂದ ಅಡ್ಡಮಳೆ ಹೊಡೆಯಿತು. ಒಂದು ತಾಸು. ಬಟ್ಟೆ ನೀರು ಕುಡಿಯಿತು, ಕುಗ್ಗಿತು, ಕಬ್ಬಿಣದ ಚೌಕಟ್ಟು ಜಗ್ಗಲಿಲ್ಲ. ಪಡುವಣ ಮೂಲೆಯ ಉಂಗುರಗಳು ಒಂದರ ಹಿಂದೊಂದು ಹಸಿ ಅಂಚನ್ನು ಸೀಳಿಕೊಂಡು ಬಂದವು. ಮೇಲಿನ ಚಾವಣಿ ಹಾರಿತು, ಒಳಗಿನ ಕೌದಿ ತೊಯ್ದು ಭಾರವಾಗಿ ಮಂಚದ ಮೇಲೆ ಬಿತ್ತು. ಹುಬ್ಬಳ್ಳಿಯಿಂದ ಬಂದಿದ್ದ ಗಂಡ ಹೆಂಡತಿ ಬಚ್ಚಲ ತೊಟ್ಟಿಯ ಪಕ್ಕ ನಿಂತು ಫೋನಿನಲ್ಲಿ ಎಲ್ಲ ತೆಗೆದು ಊರಿಗೆಲ್ಲ ತೋರಿಸಿದರು.

ನಾಲ್ಕು ದಿನಕ್ಕೆ ರಮಜಾನಬಿಗೆ ಕರೆ ಬಂತು. ಕೂಲಿ ಕೊಡುತ್ತಾರೆ ಎಂದುಕೊಂಡು ಹೋದಳು.

ಕರಬಸಪ್ಪನವರ ಕಟ್ಟೆಯ ಮೇಲೆ ಕೌದಿ ಹರವಿದ್ದರು. ಕೊನೆಯ ಮೂಲೆಯನ್ನು ಬ್ಲೇಡಿನಿಂದ ಬಿಚ್ಚಿ, ಹೋಳಿಗೆಯ ಒಣಗಿದ ಚೂರನ್ನು ಒಂದು ಕಾಗದದ ಮೇಲೆ ಇಟ್ಟಿದ್ದರು. ಅದರ ಸುತ್ತ ನಾಲ್ಕಾರು ಇರುವೆ. ಪ್ರಭು, ನೇತ್ರಾ, ಸುದೀಪ, ಕುರ್ಚಿಯಲ್ಲಿ ಕರಬಸಪ್ಪ. ಅಂಗಳದಲ್ಲಿ ಹೊಳೆವ್ವ ಕಸಬರಿಗೆ ಹಿಡಿದು ನಿಂತಿದ್ದಳು.

"ಇದು ಏನು?" ಪ್ರಭು ಕೇಳಿದ.

"ಹೋಳಿಗಿ."

"ಇಟ್ಟಾಕಿ ಯಾರು?"

"ನಾನ."

"ನೋಡ್ರಿ, ತಾನ ಒಪ್ಪಿಕೊಂಡ್ಳು," ಅಂದ ಪ್ರಭು ಎಲ್ಲರಿಗೂ. "ಬಟ್ಟಿ ಒಳಗ ಉಣ್ಣೋದು ಇಟ್ರ ಇಲಿ ಬಿಡತಾವೇನು? ಇಲಿ ಕಡದು ಡೇರೆ ಹರದೈತಿ. ಇಲಿ ಸಲುವಾಗಿ ಇಟ್ಟಿಯೋ, ಮತ್ತೇನರೆ ಮಾಟ ಮಾಡಾಕ ಇಟ್ಟಿಯೋ, ಯಾರಿಗೆ ಗೊತ್ತು."

ಆ ಕೊನೆಯ ಮಾತನ್ನು ಅವನು ಮೆತ್ತಗೆ ಹೇಳಿದ. ಅದು ಎಲ್ಲಿ ನಾಟಬೇಕೋ ಅಲ್ಲಿ ನಾಟಲಿ ಅಂತಲೇ ಹೇಳಿದ್ದು. ಡೇರೆ ಹರಿದ ಮಾತು ಹೆಚ್ಚೆಂದರೆ ತಿಂಗಳು ನಡೆಯುತ್ತದೆ. ಪಿಂಜಾರರ ಹೆಂಗಸು ಗೌಡರ ಜಾಗದಲ್ಲಿ ಏನೋ ಹೂತಿಟ್ಟಳು ಎಂಬ ಮಾತು ಆಕೆ ಸತ್ತ ಮೇಲೂ ನಡೆಯುತ್ತದೆ.

ರಮಜಾನಬಿ ಕೌದಿಯ ಆ ಮೂಲೆಯನ್ನು ಎತ್ತಿ ಬೆಳಕಿಗೆ ಹಿಡಿದಳು. "ಇಲಿ ಕಡದಿದ್ರ ಇಲ್ಲಿ ತೂತ ಇರಬೇಕಲ್ರಿ. ಹೋಳಿಗಿ ಇದ್ದ ಮೂಲಿ ಮೂಡಣಕ್ಕ, ಹರದಿದ್ದು ಪಡುವಣಕ್ಕ. ನಿಮ್ಮ ಇಲಿ ಹೋಳಿಗಿ ಬಿಟ್ಟು ಕಬ್ಬಿಣದ ಪೈಪಿನ ಮಗ್ಗಲಕ ಹೋಗಿ ಕ್ಯಾನ್ವಾಸ್ ತಿಂದೈತೇನ್ರಿ?"

ಹೊಳೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಪ್ರಭು ಆ ಕಡೆ ನೋಡಿದ. ಆಕೆ ಕಸ ಹೊಡೆಯಲು ಬಾಗಿದಳು.

ರಮಜಾನಬಿ ಕರಬಸಪ್ಪನವರ ಮುಂದೆ ನಿಂತಳು. "ಅಜ್ಜಾರ, ನೀವು ಬಂಡಿ ಹೂಡಿದವರು. ರಾಶಿ ಮ್ಯಾಲೆ ಗುಡಾರ ಹೊದಿಸಿ ಕಣಾ ಕಾಯ್ದವರು. ಹತ್ತಿ ಬಟ್ಟಿ ತೊಯ್ದ್ರ ಹಿಗ್ಗತೈತೇನ್ರಿ, ಕುಗ್ಗತೈತೇನ್ರಿ? ಅದೊಂದು ಹೇಳ್ರಿ ಸಾಕು."

ಎಂಬತ್ತರ ಮುದುಕ. ಮಳೆ ಬಂದ ರಾತ್ರಿ ಕಣದಲ್ಲಿ ಎದ್ದು ಗುಡಾರದ ಹಗ್ಗ ಸಡಿಲಿಸಿದ ಕೈಗಳು ಅವು. ಅವರು ಹೆಗಲ ಮೇಲಿನ ವಸ್ತ್ರ ಸರಿ ಮಾಡಿಕೊಂಡರು.

"ಹಿಂದಿನ ಮಾತು ಈಗ್ಯಾಕಬೇ. ಹುಡುಗ್ರು ಮಾಡೋ ಯವಾರ. ಅಂವ ಹೇಳಿದಂಗ ಮಾಡು, ನಿಂದು ನೀ ತಗೊಂಡು ಹೋಗು."

ಅವರು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಈ ಸೀಮೆಯಲ್ಲಿ ಅನ್ಯಾಯದ ಅರ್ಧ ಕೆಲಸ ನಡೆಯುವುದು ಇಂಥ ಹಿರಿಯರ ವಸ್ತ್ರದ ಮರೆಯಲ್ಲಿ.

ಪ್ರಭು ಕಾಗದ ಮುಂದಿಟ್ಟ. ಎರಡೇ ಸಾಲು. ರಮಜಾನಬಿಯಾದ ನಾನು ಡೇರೆಯ ಬಟ್ಟೆಯೊಳಗೆ ತಿನ್ನುವ ಪದಾರ್ಥ ಇಟ್ಟಿದ್ದು ನಿಜ. ಅದರಿಂದ ಡೇರೆ ಹರಿದಿದ್ದು ನಿಜ. ಇದು ಇದ್ದರೆ ಹುಬ್ಬಳ್ಳಿಯವರ ಬಾಯಿ ಮುಚ್ಚಿಸಬಹುದು, ಮುಂದೆ ಬರುವವರಿಗೂ ತೋರಿಸಬಹುದು. ಸುದೀಪನ ಕತ್ತರಿಯ ಮಾತು ಅದರಲ್ಲಿ ಎಲ್ಲೂ ಇಲ್ಲ.

ಆಕೆ ನಾಲ್ಕನೆಯ ಇಯತ್ತೆ ತನಕ ಕಲಿತವಳು, ಬೆರಳಿಟ್ಟು ಓದಿದಳು.

"ಮೊದಲನೇ ಸಾಲಿಗೆ ಸಹಿ ಹಾಕ್ತೇನಿ. ಹೋಳಿಗಿ ಇಟ್ಟೇನಿ, ಎಲ್ಲಿ ಕೇಳಿದ್ರೂ ಇಟ್ಟೇನಿ ಅಂತೇನಿ. ಎರಡನೇದು ತಗದು, ಗೇಣು ಬಟ್ಟಿ ಕತ್ತರಿಸಿದ್ದು ನಾವು, ನೀರು ಕೊಡದವರು ನಾವು ಅಂತ ಬರೀರಿ. ನೀವೂ ಸಹಿ ಹಾಕ್ರಿ, ನಾನೂ ಹಾಕ್ತೇನಿ."

"ನಿನ್ನ ಜೋಡಿ ನಾ ಸಹಿ ಹಾಕ್ಬೇಕಾ?"

"ಡೇರೆ ಇಬ್ಬರೂ ಕೂಡೇ ಮಾಡೇವಲ್ರಿ. ನಾ ಹೊಲದೆ, ನೀವು ಹರದ್ರಿ."

"ಚಾಚಿ, ಹಟಾ ಮಾಡಬ್ಯಾಡ್ರಿ," ಅಂದಳು ನೇತ್ರಾ. "ಬರೇ ಕಾಗದ ಅದು."

"ಬರೇ ಕಾಗದ ಆದ್ರ ನೀವ ಹಾಕ್ರಿ ಅಕ್ಕಾರ."

"ಹಂಗಾರ ಮಶಿನ್ ಇಲ್ಲೇ ಇರ್ತೈತಿ," ಅಂದ ಪ್ರಭು. "ನಿಮ್ಮ ಸವಣೂರಾಗ ನಿನ್ನ ಹೊಲಿಗಿ ಯಾರೂ ಮೂಸದಂಗ ಮಾಡ್ತೇನಿ."

ರಮಜಾನಬಿ ಆ ಇರುವೆ ಹತ್ತಿದ ಹೋಳಿಗೆಯ ಚೂರನ್ನು ಕಾಗದದ ಮೇಲಿಂದ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಗೋದಾಮಿನ ಮುಂದಿನಿಂದಲೇ ಬಸ್ ನಿಲ್ದಾಣದ ದಾರಿ. ಬಾಗಿಲ ಸಂದಿನಲ್ಲಿ ಮಶಿನ್ನಿನ ಚಕ್ರ ಕಾಣುತ್ತಿತ್ತು. ಮೂರು ಆಳು ಬೇಕು ಅದನ್ನು ಎತ್ತಲು. ಆಕೆ ಒಬ್ಬಳು.

ಮಾರನೆಯ ವಾರ ಹೊಳೆವ್ವ ಸವಣೂರಿನ ಅಂಗಡಿಗೆ ಬಂದಳು. ತಲೆಯ ಮೇಲೆ ಒಂದು ಗಂಟು, ಮೇಲೆ ಮೆಂತ್ಯೆ ಸೊಪ್ಪು. ಸೊಪ್ಪು ತೆಗೆದರೆ ಕೆಳಗೆ ಕತ್ತರಿಸಿದ ಗೇಣು ಬಟ್ಟೆಯ ಪಟ್ಟಿಗಳು, ಉಂಗುರ ಸಮೇತ. ಎಮ್ಮೆ ಕಟ್ಟಲು ಆಗುತ್ತದೆ ಎಂದು ಅವತ್ತೇ ಕಸದಿಂದ ಎತ್ತಿ ಮನೆಗೆ ಒಯ್ದಿದ್ದಳು.

"ಅವತ್ತು ಬಾಯಿ ಬಿಡಲಿಲ್ಲ ನಾ," ಅಂದಳು.

"ಬಿಟ್ಟಿದ್ರ ಕೂಲಿ ಹೋಗ್ತಿತ್ತು."

"ಈಗೂ ಹೋತು. ಕಸದಾಗಿಂದು ಪಟ್ಟಿ ಎಲ್ಲಿ ಅಂತ ಆ ಸುದೀಪ ಹುಡುಕ್ಯಾಡಾಕತ್ತಿದ್ದ. ನಾ ಒಯ್ದೇನಿ ಅಂದೆ. ನಾಳಿಂದ ಬರಬ್ಯಾಡ ಅಂದ."

ಪೀರಸಾಬ ಪಟ್ಟಿ ಹಿಡಿದು ತನ್ನ ಉಂಗುರಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡಿದ. ಒಂದೂ ಅಲುಗಲಿಲ್ಲ. "ನಮ್ಮ ಉಂಗುರ ಕಸದಾಗೂ ಗಟ್ಟಿ ಅದಾವ," ಅಂದ. ಚುಚ್ಚುವ ಮಾತು ನಾಟಬೇಕಾದವರು ಎದುರಿಗಿರಲಿಲ್ಲ.

ಈಗ ರಮಜಾನಬಿ ದಬ್ಬಳ ಹಿಡಿದು ಕೈಯಲ್ಲೇ ಪೆಂಡಾಲು ತೇಪೆ ಹಾಕುತ್ತಾಳೆ. ದಿನಕ್ಕೆ ಆಗುತ್ತಿದ್ದ ಕೆಲಸ ವಾರ ಹಿಡಿಯುತ್ತದೆ. ಬಲಗೈ ಹೆಬ್ಬೆರಳು ಸೀಳಿದೆ. ಎದುರಿಗೆ ಹೊಳೆವ್ವ ಕೂತು ಬಟ್ಟೆ ಎಳೆದು ಹಿಡಿಯುತ್ತಾಳೆ. ಗೇಣು ಬಟ್ಟೆಯ ಪಟ್ಟಿ ಅಂಗಡಿಯ ಬಾಗಿಲಿಗೆ ತೋರಣದಂತೆ ಇಳಿಬಿದ್ದಿದೆ. ಅತ್ತ ತಡಸದಲ್ಲಿ ಹರಿದ ಡೇರೆಗೆ ಬೇರೆ ಊರಿನವರನ್ನು ಕರೆಸಿ ಪ್ಲಾಸ್ಟಿಕ್ ಬಟ್ಟೆ ಹಾಕಿಸಿದ್ದಾರೆ. ಕೌದಿಯನ್ನು ತೊಳೆದು ಮತ್ತೆ ಚಾವಣಿಗೆ ಏರಿಸಿದ್ದಾರೆ. ಹಳ್ಳಿಯ ಹೆಂಗಸರು ಪ್ರೀತಿಯಿಂದ ಹೊಲಿದದ್ದು ಎಂದು ಅದರ ಕೆಳಗೆ ಫಲಕ ಬರೆಸಿದ್ದಾರೆ.

ಪ್ರೀತಿಯ ಮಾತು ಸಾಕು. ನೀವು, ಇದನ್ನು ಓದುತ್ತಿರುವವರು, ರಜೆಗೆಂದು ಇಂಥ ಡೇರೆ ಹುಡುಕುವವರು. ತಡಸದ ಆ ನಂಬರಿಗೆ ಫೋನ್ ಮಾಡುತ್ತೀರಿ, ಬಚ್ಚಲ ತೊಟ್ಟಿ ಇದೆಯೋ, ಬಿಸಿನೀರು ಬರುತ್ತದೋ, ಬಾಗಿಲು ಯಾವ ದಿಕ್ಕಿಗೆ ಎಂದು ಕೇಳುತ್ತೀರಿ. ಅದರ ಮೊದಲು ಒಂದು ಪ್ರಶ್ನೆ ಕೇಳಿ: ರಮಜಾನಬಿಯ ಮಶಿನ್ನನ್ನೂ ಕೂಲಿಯನ್ನೂ ಕಾಗದಕ್ಕೆ ಸಹಿ ಕೇಳದೆ ತಿರುಗಿ ಕೊಟ್ಟಿದ್ದೀರಾ? ಹೌದು ಎಂದು ಪ್ರಭು ಹೇಳಿದರೂ ನಂಬಬೇಡಿ. ಸವಣೂರಿಗೆ ಬಂದು ಆ ಅಂಗಡಿಯಲ್ಲಿ ಮಶಿನ್ ಓಡುವ ಸದ್ದು ಕೇಳಿ. ಕೇಳಿಸುವ ತನಕ ಆ ಕೌದಿಯ ಕೆಳಗೆ ಮಲಗಬೇಡಿ.